ಧೂಳು ತೂಗಿದ ಎರಡು ಚಳಿಗಾಲ

ತೂಕದ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ. ಬಾಯಿ ತೆರೆದರೆ ಉಸಿರಿನ ತೇವ ಫಿಲ್ಟರ್ ಕಾಗದಕ್ಕೆ ತಗಲುತ್ತದೆ, ತಕ್ಕಡಿಯ ಅಂಕಿ ಅಲುಗುತ್ತದೆ. ಹೀಗಾಗಿ ಆ ಮೊದಲ ಚಳಿಗಾಲದ ನಡುವಿನ ಒಂದು ಕಂತಿನ ಕಾಗದಗಳನ್ನು ತೂಗುವಾಗ, ಹಳ್ಳಿಯ ಅಂಕಿ ಮತ್ತೆ ಕಡಿಮೆ ಬಂದದ್ದನ್ನು ನೋಡಿ ನಾನು ಏನೂ ಅನ್ನಲಿಲ್ಲ. ಬರೆದುಕೊಂಡೆ. ಮುಂದಿನ ಕಾಗದ ಇಟ್ಟೆ. ಅದೂ ಕಡಿಮೆಯೇ. ಅದನ್ನೂ ಬರೆದುಕೊಂಡೆ.

ಬಾಗಲಕೋಟೆಯ ನವನಗರದ ಆ ಪ್ರಯೋಗಾಲಯದಿಂದ ನಾವು ಮೂರು ಮಾಳಿಗೆಗಳ ಮೇಲೆ ಮೂರು ಯಂತ್ರ ಇಟ್ಟಿದ್ದೆವು. ಒಂದು ಬಾದಾಮಿಯ ಹೊರಗೆ, ಕೆಂಪು ಗುಡ್ಡದ ಹಿಂದಿನ ಒಂದು ಹೊಲದ ಮನೆಯ ಮೇಲೆ. ಅಲ್ಲಿ ಸುತ್ತ ಕಾರ್ಖಾನೆ ಇಲ್ಲ, ದೊಡ್ಡ ರಸ್ತೆ ಇಲ್ಲ. ಆ ಗಾಳಿಯನ್ನು ಹೋಲಿಕೆಗೆಂದು ಇಟ್ಟುಕೊಂಡಿದ್ದೆವು. ಇನ್ನೊಂದು ಹುನಗುಂದ ಪೇಟೆಯಲ್ಲಿ, ಲಾರಿ ಬಸ್ಸುಗಳು ಓಡಾಡುವ ರಸ್ತೆಯ ಬದಿಗೆ. ಮೂರನೆಯದು ಹುನಗುಂದದಿಂದ ಇಳಕಲ್ಲಿಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ. ಆ ಊರಿನ ಮೂಡಣಕ್ಕೆ ಕಲ್ಲು ಕ್ವಾರಿ, ಅದಕ್ಕಂಟಿಕೊಂಡು ಎರಡು ಖಡಿ ಮಷೀನು. ದೊಡ್ಡ ಕಲ್ಲನ್ನು ಪುಡಿ ಮಾಡಿ ಜಲ್ಲಿ ತೆಗೆಯುವ ಘಟಕಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಊರಿನ ಕಡೆ ಬೀಸುತ್ತದೆ. ತಣ್ಣನೆಯ ಗಾಳಿ ನೆಲ ಬಿಟ್ಟು ಏಳುವುದಿಲ್ಲ, ಧೂಳೂ ಏಳುವುದಿಲ್ಲ. ಧೂಳು ಇದ್ದರೆ ಕಾಣಬೇಕಾದದ್ದು ಆಗಲೇ.

ಆ ಎರಡು ಘಟಕಗಳ ಪರವಾನಗಿ ಮುಂದುವರಿಸಬೇಕೋ, ಊರಿಂದ ದೂರ ಕಳಿಸಬೇಕೋ ಎಂದು ತೀರ್ಮಾನಿಸಲು ಜಿಲ್ಲೆಯಲ್ಲಿ ಒಂದು ಸಮಿತಿ ಕೂತಿತ್ತು. ನಮ್ಮ ಅಂಕಿಗಳು ಅಲ್ಲಿಗೆ ಹೋಗಬೇಕಿತ್ತು.

ಅಂಕಿಗಳ ಪ್ರಕಾರ ಹಳ್ಳಿಯ ಗಾಳಿ ಹುನಗುಂದಕ್ಕಿಂತ ಎಷ್ಟೋ ಚೊಕ್ಕಟವಾಗಿತ್ತು, ಬಾದಾಮಿಯ ಹೊಲದ ಮನೆಗೆ ಹೆಚ್ಚೂ ಕಡಿಮೆ ಸಮ. ಅದೇ ಹಳ್ಳಿಯಲ್ಲಿ ಅಂಗಳದ ತುಳಸಿ ಎಲೆ ಬೆರಳಿಂದ ಒರೆಸಿದರೆ ಬೆರಳು ಬೂದಿ ಬಣ್ಣವಾಗುತ್ತಿತ್ತು. ಕಣ್ಣಿಗೆ ಕಂಡದ್ದನ್ನು ನಂಬಬೇಡ, ತೂಗಿದ್ದನ್ನು ನಂಬು ಎಂದು ಕಲಿತವಳು ನಾನು. ಆದ್ದರಿಂದ ಮೊದಲು ಯಂತ್ರವನ್ನೇ ಅನುಮಾನಿಸಿದೆ.

ಯಂತ್ರ ಎದೆಯೆತ್ತರದ್ದು. ಮೇಲೆ ಟೊಪ್ಪಿಗೆಯಂಥ ಬಾಯಿ, ಒಳಗೆ ಫಿಲ್ಟರ್ ಕಾಗದ, ಕೆಳಗೆ ಗಾಳಿ ಎಳೆಯುವ ಮೋಟಾರು. ವಾರಕ್ಕೆ ಎರಡು ಸಲ ಬೆಳಿಗ್ಗೆ ಹೋಗಿ ಹೊಸ ಕಾಗದ ಹಾಕಿ, ಮರುದಿನ ಅದೇ ಹೊತ್ತಿಗೆ ತೆಗೆಯಬೇಕು. ಎಳೆದ ಗಾಳಿ ಎಷ್ಟು, ಕಾಗದದ ತೂಕ ಎಷ್ಟು ಏರಿತು ಎಂಬುದರಿಂದ ಧೂಳಿನ ಲೆಕ್ಕ. ಗಾಳಿಯ ಹರಿವು ಅಳೆದೆ, ಸರಿಯಿತ್ತು. ರಬ್ಬರಿನ ಬಳೆಗಳನ್ನು ಬದಲಿಸಿದೆ; ಎಲ್ಲೂ ಸೋರಿಕೆ ಇರಲಿಲ್ಲ. ಕರೆಂಟು ಹೋದ ಹೊತ್ತನ್ನು ಗಡಿಯಾರದ ಮೀಟರಿನಲ್ಲಿ ನೋಡಿದೆ. ಮೋಟಾರು ಪೂರ್ತಿ ಓಡಿತ್ತು. ಬಾದಾಮಿಯ ಯಂತ್ರವನ್ನು ಹಳ್ಳಿಗೂ ಹಳ್ಳಿಯದನ್ನು ಬಾದಾಮಿಗೂ ಅದಲುಬದಲು ಮಾಡಿದೆ. ಬಾದಾಮಿಯಲ್ಲಿ ಮಂಗಗಳು ಟೊಪ್ಪಿಗೆ ಕಿತ್ತು ಎಸೆದು ಎರಡು ವಾರದ ಮಾದರಿ ಹಾಳು ಮಾಡಿದವು, ಕಬ್ಬಿಣದ ಜಾಲರಿಯ ಪಂಜರ ಮಾಡಿಸಬೇಕಾಯಿತು. ಹಳ್ಳಿಯ ಅಂಕಿ ಮಾತ್ರ ಕದಲಲಿಲ್ಲ.

ಆ ವರ್ಷ ನಾನು ಇದನ್ನೆಲ್ಲ ಯಾವ ಆತಂಕವೂ ಇಲ್ಲದೆ ಮಾಡಿದೆ. ಬೆಳಿಗ್ಗೆ ಏಳುವುದು, ಗಾಡಿ ಹತ್ತುವುದು, ಕಾಗದ ಬದಲಿಸುವುದು, ತೂಗುವುದು. ಊಟ ರುಚಿ ಹತ್ತುತ್ತಿರಲಿಲ್ಲ. ಹತ್ತುತ್ತಿಲ್ಲ ಎಂಬುದೂ ಗಮನಕ್ಕೆ ಬರುತ್ತಿರಲಿಲ್ಲ. ಮನಸ್ಸು ಜೋಮು ಹಿಡಿದಿತ್ತು ಎಂದು ಈಗ ಅನ್ನಬಹುದು. ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ.

ಸುಳಿವು ಸಿಕ್ಕಿದ್ದು ಸೂಕ್ಷ್ಮದರ್ಶಕದಲ್ಲಿ. ಹಳ್ಳಿಯ ಕಾಗದದ ಒಂದು ಚೂರು ಕತ್ತರಿಸಿ ಕೆಳಗಿಟ್ಟಾಗ ಕಲ್ಲಿನ ಕಣಗಳ ನಡುವೆ ಕೆಂಪು ಎಳೆಗಳು ಕಂಡವು. ಕೂದಲಿಗಿಂತ ಸಣ್ಣ, ಬಣ್ಣ ಹಾಕಿದ ನೂಲಿನ ಎಳೆ. ಹಿಂದಿನ ವಾರಗಳ ಕಾಗದ ತೆಗೆದು ನೋಡಿದೆ. ಚಳಿಗಾಲದ ಎಲ್ಲದರಲ್ಲೂ ಇತ್ತು. ಮಳೆಗಾಲದವುಗಳಲ್ಲಿ ಇರಲಿಲ್ಲ.

ಯಂತ್ರ ಇದ್ದದ್ದು ಕ್ವಾರಿಯಲ್ಲಿ ಮೊದಲು ಡ್ರಿಲ್ ಹಿಡಿಯುತ್ತಿದ್ದ ಒಬ್ಬರ ಮನೆಯ ಮೇಲೆ. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕಿ. ಕಾಕಾ ಈಗ ಕೆಲಸಕ್ಕೆ ಹೋಗುತ್ತಿರಲಿಲ್ಲ. ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲಬೇಕಾಗುತ್ತಿತ್ತು. ಆದರೂ ದಿನಾ ಹತ್ತಿ ಬಿಸಿಲಿಗೆ ಯಂತ್ರದ ಪಕ್ಕ ಕೂರುತ್ತಿದ್ದರು. ಬೀರಪ್ಪನ ಒಕ್ಕಲು, ದಸರೆಯಲ್ಲಿ ಯಂತ್ರಕ್ಕೂ ಭಂಡಾರ ಹಚ್ಚಿದ್ದರು. ಅರಿಶಿನದ ಪುಡಿ ಒಳಗೆ ಹೋದೀತೆಂದು ನಾನು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಸುಮ್ಮನೆ ನೋಡುತ್ತಿದ್ದರು. ಕಾಕಿ ಇಳಕಲ್ಲಿನ ನೇಕಾರರಿಗೆ ನೂಲು ಸುತ್ತಿ ಕೊಡುತ್ತಿದ್ದರು. ಕೆಂಪು ಎಳೆ ಅಲ್ಲಿಯದೇ ಇರಬೇಕು ಅಂದುಕೊಂಡೆ. ಆದರೆ ಅವರು ನೂಲು ಸುತ್ತುವುದು ಕೆಳಗಿನ ಪಡಸಾಲೆಯಲ್ಲಿ, ಅದೂ ವರ್ಷವಿಡೀ. ಎಳೆ ಬರೀ ಚಳಿಗಾಲದ್ದರಲ್ಲಿ ಯಾಕೆ?

ಮಾದರಿ ತೆಗೆಯುವ ದಿನವೇ, ಆದರೆ ನಮ್ಮ ಹೊತ್ತಲ್ಲದ ಹೊತ್ತಿನಲ್ಲಿ, ನಡು ಮಧ್ಯಾಹ್ನ ಹೋದೆ. ಗಾಡಿಯನ್ನು ಹುನಗುಂದದಲ್ಲೇ ಬಿಟ್ಟು ಟಂಟಂ ರಿಕ್ಷಾ ಹಿಡಿದೆ. ಮೆಟ್ಟಿಲು ಹತ್ತಿ ನೋಡಿದರೆ ಯಂತ್ರದ ಟೊಪ್ಪಿಗೆಯ ಸುತ್ತ ಒಂದು ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಒದ್ದೆ ಮಾಡಿ ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು. ಪಕ್ಕದಲ್ಲಿ ನೀರಿನ ಚರಿಗೆ. ಕಾಕಾ ಗೋಡೆಗೆ ಒರಗಿ ಕೂತಿದ್ದರು.

"ಬರ್ರಿ ಅಕ್ಕಾರ. ಇವತ್ತ ಈ ಹೊತ್ತಿನ್ಯಾಗ?"

"ಕಾಕಾ, ಇದನ್ನ ಯಾರ ಸುತ್ಯಾರ್ರಿ?"

"ನಾನ ರೀ. ದಿನಾ ಸುತ್ತತೇನಿ."

"ಯಾವಾಗಿಂದ?"

"ದೀಪಾವಳಿ ಆದ ಮ್ಯಾಲ ಗಾಳಿ ಈ ಕಡಿ ತಿರುಗಿತು ನೋಡ್ರಿ, ಅವತ್ತಿಂದ. ಮುಂಜಾನೆ ಖಡಿ ಮಷೀನ ಸುರು ಆದ ಕೂಡ್ಲೆ ಸುತ್ತೂದು, ಸಂಜಿಕ ಅದು ನಿಂತ ಮ್ಯಾಲ ಬಿಚ್ಚೂದು. ನಡುವ ಒಣಗಿದ್ರ ನೀರ ಹಾಕತೇನಿ."

"ಯಾಕ್ರಿ?"

"ನೀವ ಹೇಳಿದ್ರೆಲ್ಲ, ಭಾಳ ನಾಜೂಕ ಮಷೀನ ಐತಿ, ಜ್ವಾಕಿ ಮಾಡ್ರಿ ಅಂತ. ಇಡೀ ದಿನಾ ಬಾಯಿ ತಕ್ಕೊಂಡ ಧೂಳ ನುಂಗತೈತಿ. ನಾ ಅಷ್ಟ ವರ್ಷ ಡ್ರಿಲ್ ಹಿಡದೆ. ಮಾರಿಗೆ ಒದ್ದಿ ಅರಬಿ ಕಟಗೊಂಡಿದ್ರ ಒಂದೀಟ ತಡೀತಿತ್ತು. ಕಟಗೋಳಿಲ್ಲ. ಇದಕ್ಕರ ಕಟ್ಟೂಣು ಅಂದೆ."

"ನಾವ ಬಂದಾಗ ಇರತಿರಲಿಲ್ಲಲ್ರಿ ಇದು."

"ನಿಮ್ಮ ಗಾಡಿ ಮಾಳಗಿ ಮ್ಯಾಲಿಂದ ಕಾಣತೈತಿ. ನೀವ ಬಂದ ಮ್ಯಾಲ ಅದರ ಜ್ವಾಕಿ ನಿಮ್ಮದು. ಅದಕ್ಕ ಬಿಚ್ಚತಿದ್ದೆ."

ಗಾಳಿಯ ಹರಿವನ್ನು ನಾವು ನೋಡುತ್ತಿದ್ದದ್ದು ಕಾಗದ ಹಾಕುವಾಗ ಒಮ್ಮೆ, ತೆಗೆಯುವಾಗ ಒಮ್ಮೆ. ನಡುವಿನ ಇಡೀ ಹಗಲು ಯಂತ್ರ ಒದ್ದೆ ಸೆರಗಿನ ಮೂಲಕ ಉಸಿರಾಡಿತ್ತು. ಊರಿನಲ್ಲಿ ಸೋಸಿದ ಗಾಳಿ ಕುಡಿದದ್ದು ಅದೊಂದೇ.

ನಾನು ಅವರ ಎದುರು ಕೂತೆ. ಯಂತ್ರ ಇಟ್ಟು ಅಷ್ಟು ತಿಂಗಳಾದ ಮೇಲೆ ಮೊದಲ ಸಲ ಅದು ಯಾತಕ್ಕೆ ಎಂದು ಹೇಳಿದೆ. "ಕಾಕಾ, ಇದು ಧೂಳ ನುಂಗಾಕ ಇಟ್ಟದ್ದು. ಎಷ್ಟ ನುಂಗತೈತಿ ಅಂತ ತೂಗಿ, ನಿಮ್ಮೂರಾಗ ಧೂಳ ಎಷ್ಟ ಐತಿ ಅಂತ ಸಮಿತಿಯವರಿಗೆ ಹೇಳಬೇಕು. ಅದರ ಮ್ಯಾಲ ಅವರು ಖಡಿ ಮಷೀನ ಎಲ್ಲಿರಬೇಕು ಅಂತ ಹೇಳತಾರ."

ಅವರು ಗಂಟು ಬಿಚ್ಚಿದರು. ಸೆರಗನ್ನು ಹಿಂಡಿ ಗೋಡೆಯ ಮೇಲೆ ಹರವಿದರು. ಕೆಮ್ಮು ಬಂತು, ಅದು ಮುಗಿಯುವ ತನಕ ಕಾದೆ.

"ಮೊದಲ ಹೇಳಬೇಕಿತ್ರಿ ಅಕ್ಕಾರ," ಅಂದರು.

ನಮ್ಮ ಯೋಜನೆಯ ಮುಖ್ಯಸ್ಥರು ಬೇರೆ ಊರಿನಲ್ಲಿದ್ದರು. ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. ಲೆಕ್ಕ ಹಾಕುವ ಮನುಷ್ಯರು.

"ದಿನಕ್ಕೆ ಎಷ್ಟು ಗಂಟೆ ಮುಚ್ಚಿತ್ತು ಅಂತ ಗೊತ್ತಲ್ಲ? ಬಟ್ಟೆ ಎಷ್ಟು ಧೂಳು ತಡೆಯುತ್ತೆ ಅಂತ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ. ಅದರಿಂದ ತಿದ್ದಿ ಬರೆಯಿರಿ," ಅಂದರು.

"ಬಟ್ಟೆ ಒಮ್ಮೆ ಒದ್ದೆ ಇರುತ್ತಿತ್ತು, ಒಮ್ಮೆ ಒಣಗಿರುತ್ತಿತ್ತು ಸರ್. ಹೊತ್ತೂ ಅಂದಾಜೇ."

"ಹಾಗಾದರೆ ಇದ್ದದ್ದನ್ನು ಕೊಟ್ಟುಬಿಡಿ. ಕೆಳಗೆ ಒಂದು ಟಿಪ್ಪಣಿ ಹಾಕಿ. ವರದಿಯ ದಿನ ಬಂದಿದೆ."

ಟಿಪ್ಪಣಿ ಯಾರೂ ಓದುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇದ್ದದ್ದನ್ನು ಕೊಟ್ಟರೆ ಊರಿನ ಗಾಳಿ ಚೊಕ್ಕಟ ಎಂದು ಸರ್ಕಾರದ ಕಾಗದದಲ್ಲಿ ಉಳಿಯುತ್ತದೆ. ತಿದ್ದಿ ಕೊಟ್ಟರೆ ಆ ಅಂಕಿ ನಾನು ಹುಟ್ಟಿಸಿದ್ದು. ಘಟಕದವರ ಕಡೆಯ ತಜ್ಞರು ಐದು ನಿಮಿಷದಲ್ಲಿ ಅದನ್ನು ಬಿಚ್ಚಿ ಇಡುತ್ತಾರೆ. ಏನೂ ಕೊಡದಿದ್ದರೆ ಊರಿನ ಪರ ಹೇಳಲು ಏನೂ ಇರುವುದಿಲ್ಲ.

ಎರಡು ದಿನ ತೂಕದ ಕೋಣೆಗೆ ಹೋಗಲಿಲ್ಲ. ಮೂರನೆಯ ದಿನ ವರದಿಯಲ್ಲಿ ಹಳ್ಳಿಯ ಪುಟ ತೆಗೆದು ಎರಡು ವಾಕ್ಯ ಬರೆದೆ. ಈ ತಾಣದ ಚಳಿಗಾಲದ ಎಲ್ಲ ಮಾದರಿಗಳು ಅಮಾನ್ಯ. ಯಂತ್ರದ ಉದ್ದೇಶವನ್ನು ಮನೆಯವರಿಗೆ ತಿಳಿಸದೆ ಹೋದದ್ದು ಇದಕ್ಕೆ ಕಾರಣ. ಎರಡನೆಯ ವಾಕ್ಯ ತೆಗೆಯಿರಿ ಎಂದು ಮುಖ್ಯಸ್ಥರು ಹೇಳಿದರು. ತೆಗೆಯಲಿಲ್ಲ. ಆಮೇಲೆ ಒಂದು ತಿಂಗಳು ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಸಮಿತಿ ಕೂತಿತು. ಪುರಾವೆ ಇಲ್ಲದ್ದರಿಂದ ಎರಡೂ ಘಟಕಗಳು ಮುಂದಿನ ಪರಿಶೀಲನೆಯವರೆಗೆ ಇದ್ದಲ್ಲೇ ಇರಲಿ ಎಂದಿತು. ಊರಿಗೆ ಇನ್ನೂ ಒಂದು ವರ್ಷದ ಧೂಳು. ಅದನ್ನು ಹೇಳಲು ನಾನೇ ಹಳ್ಳಿಗೆ ಹೋದೆ. ಕಾಕಾ ಕೇಳಿಸಿಕೊಂಡರು.

"ಹಂಗಾರ ಇನ್ನೊಂದ ಚಳಿಗಾಲ ಮಾಡಬೇಕು," ಅಂದರು.

"ಮಾಡತೇವ್ರಿ. ನೀವ ಜೊತಿಗಿದ್ರ."

"ನಾ ಎಲ್ಲಿ ಹೋಗ್ಲಿ. ಇಲ್ಲೇ ಕುಂಡ್ರಾವ."

ಎರಡನೆಯ ಚಳಿಗಾಲಕ್ಕೆ ವಿಧಾನ ಬದಲಿಸಿದೆ. ಗಾಳಿಯ ಹರಿವನ್ನು ಹತ್ತು ಹತ್ತು ನಿಮಿಷಕ್ಕೆ ತಾನೇ ದಾಖಲಿಸಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆ ಜೋಡಿಸಿದೆ. ಬರೀ ತೂಕವಲ್ಲ, ಧೂಳಿನಲ್ಲಿ ಕಲ್ಲಿನ ಪಾಲು ಎಷ್ಟು, ಹೊಗೆಯ ಪಾಲು ಎಷ್ಟು ಎಂದು ಬೇರ್ಪಡಿಸಲು ಕಾಗದಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಮಾಡಿದೆ. ಕಾಕಾಗೆ ಒಂದು ನೋಟುಬುಕ್ಕು ಕೊಟ್ಟೆ. ಖಡಿ ಮಷೀನು ಸುರುವಾದ ಹೊತ್ತು, ನಿಂತ ಹೊತ್ತು, ಕಲ್ಲು ಸಿಡಿಸುವ ಮೊದಲು ಕ್ವಾರಿಯಲ್ಲಿ ಊದುವ ಸೈರನ್ನಿನ ಹೊತ್ತು ಬರೆಯಬೇಕು. ಅವರು ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು. ಮೊದಲ ವಾರ ಹೊತ್ತಿನ ಪಕ್ಕ ಇನ್ನೂ ಏನೇನೋ ಇತ್ತು: ಇವತ್ತು ಧೂಳು ಸಿಟ್ಟಿಗೆದ್ದೈತಿ, ಇವತ್ತು ಗುಬ್ಬಿ ಬರಲಿಲ್ಲ. ಹೊತ್ತು ಅಷ್ಟೇ ಸಾಕು ಕಾಕಾ, ಅಂದೆ. ಆಮೇಲೆ ಹೊತ್ತು ಅಷ್ಟೇ ಬರೆದರು.

ಒಂದು ದಿನವೂ ತಪ್ಪಿಸಲಿಲ್ಲ. ಸೈರನ್ನಾದಾಗ ತಾವು ಮಾತ್ರ ಮುಖಕ್ಕೆ ಒದ್ದೆ ಟವೆಲು ಹಿಡಿದುಕೊಂಡು ಯಂತ್ರದ ಪಕ್ಕ ಕೂರುತ್ತಿದ್ದರಂತೆ. ಕೆಳಗಿಳಿದು ಬರ್ರಿ ಎಂದು ಕಾಕಿ ಕೂಗಿದರೆ, ಹೊತ್ತು ತಪ್ಪುತ್ತದೆ ಅನ್ನುತ್ತಿದ್ದರಂತೆ.

ಈ ಸಲದ ಕಾಗದಗಳು ಬೂದಿ ಬಣ್ಣದವು. ಮಡಚಿದರೆ ಸುಕ್ಕಿನಲ್ಲಿ ಪುಡಿ ಉದುರುತ್ತಿತ್ತು. ಅಂಕಿ ಹುನಗುಂದವನ್ನು ದಾಟಿತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕಾಕಾ ಮೆಟ್ಟಿಲಲ್ಲಿ ಈಗ ಐದು ಕಡೆ ನಿಲ್ಲುತ್ತಿದ್ದರು. ದವಾಖಾನೆಯಲ್ಲಿ ಹಿಂದೆ ಕ್ಷಯವೆಂದು ಗುಳಿಗೆ ಕೊಟ್ಟಿದ್ದರು. ಬಾಗಲಕೋಟೆಗೆ ಕರೆದುಕೊಂಡು ಬಂದು ಎದೆಯ ಚಿತ್ರ ತೆಗೆಸಿದೆವು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಕ್ಷಯವಲ್ಲ, ಕಲ್ಲುಪುಡಿ, ಒಳಗೆ ಗಟ್ಟಿಯಾಗಿ ಕೂತಿದೆ, ಹೊರಗೆ ತೆಗೆಯಲು ಬರುವುದಿಲ್ಲ ಎಂದರು. ಗಾಡಿಯಲ್ಲಿ ವಾಪಸು ಬರುವಾಗ ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಹುನಗುಂದ ದಾಟಿದ ಮೇಲೆ, "ಅದನ್ನೂ ತೂಗಾಕ ಬರತೈತೇನ್ರಿ?" ಎಂದು ಕೇಳಿದರು. ಬರೂದಿಲ್ಲ ಅಂದೆ.

ಸಂಕ್ರಾಂತಿ ಕಳೆದು ಕೆಲವು ದಿನವಾಗಿತ್ತು. ಬೆಳಿಗ್ಗೆ, ಖಡಿ ಮಷೀನು ಸುರುವಾಗುವ ಮೊದಲೇ, ಹೋಗಿ ಕಾಗದ ಹಾಕಿದೆ. ಕಾಕಾ ಮೇಲೆ ಬಂದಿರಲಿಲ್ಲ, ಪಡಸಾಲೆಯಲ್ಲಿ ಮಲಗಿದ್ದರು. ನೋಟುಬುಕ್ಕು ದಿಂಬಿನ ಹತ್ತಿರವಿತ್ತು. ಇಲ್ಲಿಂದಲೂ ಸೈರನ್ ಕೇಳಿಸತೈತಿ ಎಂದು ಕೈಸನ್ನೆ ಮಾಡಿದರು. ನಾನು ಹೊರಟೆ.

ಮರುದಿನ ಅದೇ ಹೊತ್ತಿಗೆ ಹೋದಾಗ ಅಂಗಳದಲ್ಲಿ ಹೆಂಗಸರು ಕೂತಿದ್ದರು. ಹಿಂದಿನ ದಿನ ನಾನು ಹೊರಟ ಒಂದು ತಾಸಿಗೆ ಕಾಕಾ ತೀರಿಕೊಂಡಿದ್ದರು. ಸಂಜೆಯೇ ಮಣ್ಣು ಕೊಟ್ಟು ಬಂದಿದ್ದರು. ಫೋನು ಮಾಡಲು ಯಾರಿಗೂ ಹೊಳೆದಿರಲಿಲ್ಲ. ಕಾಕಿಯ ಪಕ್ಕ ಸ್ವಲ್ಪ ಹೊತ್ತು ಕೂತೆ. ಮೇಲೆ ಮೋಟಾರಿನ ಸಪ್ಪಳ ಕೇಳುತ್ತಿತ್ತು.

"ಹೋಗ್ರಿ, ಬದಲಿ ಮಾಡಿ ಬರ್ರಿ," ಎಂದು ಅವರೇ ಹೇಳಿದರು.

ಹತ್ತಿ ಕಾಗದ ತೆಗೆದೆ. ಅದು ಹೆಚ್ಚೂ ಕಡಿಮೆ ಬೆಳ್ಳಗೇ ಇತ್ತು. ಹರಿವಿನ ಪೆಟ್ಟಿಗೆ ನೋಡಿದೆ. ಒಂದು ನಿಮಿಷವೂ ತಪ್ಪದೆ ಓಡಿತ್ತು. ಕೆಳಗಿಳಿದು ನೋಟುಬುಕ್ಕು ತೆರೆದೆ. ಹಿಂದಿನ ದಿನದ ಸಾಲಿನಲ್ಲಿ ತಾರೀಖು ಮಾತ್ರ ಇತ್ತು.

ಆಗ ನಾನು ಕೇಳಿದ್ದನ್ನು ಬೇರೆ ಯಾರಾದರೂ ಕೇಳಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ. ಗಂಡನನ್ನು ಮಣ್ಣು ಮಾಡಿ ಒಂದು ರಾತ್ರಿ ಕಳೆದ ಹೆಂಗಸನ್ನು, ಪೆನ್ನು ಕೈಯಲ್ಲಿ ಹಿಡಿದು, "ಕಾಕಿ, ನಿನ್ನೆ ಸೈರನ್ ಆತೇನ್ರಿ?" ಎಂದು ಕೇಳಿದೆ.

ಅಂಗಳದ ಹೆಂಗಸರು ನನ್ನ ಕಡೆ ತಿರುಗಿದರು. ಕಾಕಿ ತಿರುಗಲಿಲ್ಲ.

"ಇಲ್ಲ ತಂಗಿ. ಸೈರನ್ನೂ ಆಗಿಲ್ಲ, ಖಡಿ ಮಷೀನೂ ಹತ್ತಿಲ್ಲ. ಅಲ್ಲಿ ಮಾಡಾವರೆಲ್ಲಾ ಇಲ್ಲೇ ಇದ್ರು. ಹೆಗಲ ಮ್ಯಾಲ ಹೊತ್ತಾವರು ಅವರ."

ಬರೆದುಕೊಂಡೆ.

ನವನಗರಕ್ಕೆ ಬಂದು ಆ ಕಾಗದವನ್ನು ಎಲ್ಲದರ ಹಾಗೆಯೇ ಒಂದು ದಿನ ಒಣಗಿಸಿ ತೂಗಿದೆ. ಇಡೀ ಚಳಿಗಾಲದ ಅತ್ಯಂತ ಹಗುರ ಕಾಗದ. ಕೆಲಸದ ದಿನಗಳಲ್ಲೇ ಮಾದರಿ ತೆಗೆದಿದ್ದ ನಮಗೆ ಘಟಕ ನಿಂತ ದಿನದ ಗಾಳಿ ಅಲ್ಲಿಯವರೆಗೆ ಸಿಕ್ಕೇ ಇರಲಿಲ್ಲ. ಒಂದು ದಿನದಿಂದ ವಿಜ್ಞಾನದಲ್ಲಿ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ಉಳಿದ ಚಳಿಗಾಲದಲ್ಲಿ ಕ್ವಾರಿ ರಜೆಯಿರುವ ಅಮಾವಾಸ್ಯೆಗಳಂದು ಮತ್ತೆ ಮಾದರಿ ತೆಗೆದೆ. ಅವೂ ಹಗುರವಾಗಿಯೇ ಬಂದವು. ನೋಟುಬುಕ್ಕನ್ನು ಕಾಕಿ ಮುಂದುವರಿಸಿದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಸೈರನ್ನಿಗೊಂದು ಗೆರೆ, ಖಡಿ ಮಷೀನು ಹತ್ತಿದರೆ ಒಂದು ಸೊನ್ನೆ.

ಮುಖ್ಯಸ್ಥರು ಈ ಸಲ ಸಮಿತಿಯ ಮುಂದೆ ನನ್ನನ್ನೇ ಕಳಿಸಿದರು. ಗೋಡೆಯ ಮೇಲೆ ಮೂಡಿಸಿದ ನಕ್ಷೆಯಲ್ಲಿ ಧೂಳಿನ ಗೆರೆ ಒಂದು ಕಡೆ ಧುಮುಕಿದ್ದನ್ನು ನೋಡಿ ಸಮಿತಿಯ ಹಿರಿಯರೊಬ್ಬರು ತಡೆದರು.

"ಆ ದಿನ ನಿಮ್ಮ ಯಂತ್ರ ಕೆಟ್ಟಿತ್ತೇ?"

"ಇಲ್ಲ ಸರ್. ಯಂತ್ರ ಓಡುತ್ತಿತ್ತು. ಘಟಕ ನಿಂತಿತ್ತು."

"ಅಮಾವಾಸ್ಯೆಯೇನೂ ಅಲ್ಲವಲ್ಲ. ಯಾಕೆ ನಿಂತಿತ್ತು?"

"ಕೆಲಸಗಾರರು ಒಬ್ಬರ ಮಣ್ಣಿಗೆ ಹೋಗಿದ್ದರು."

"ಯಾರು?"

"ಯಂತ್ರ ನೋಡಿಕೊಳ್ಳುತ್ತಿದ್ದವರು. ಮೊದಲು ಅದೇ ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದರು." ಎದೆಯ ಚಿತ್ರದ ವರದಿಯನ್ನು, ಕಾಕಿಯ ಒಪ್ಪಿಗೆಯ ಹೆಬ್ಬೆಟ್ಟಿನೊಂದಿಗೆ, ಮೇಜಿನ ಮೇಲಿಟ್ಟೆ.

ಘಟಕದವರ ಕಡೆಯ ತಜ್ಞರು ಏನೋ ಕೇಳಲು ಎದ್ದವರು ಕೂತರು. ಆಮೇಲೆ ಎದ್ದು, ಹರಿವಿನ ದಾಖಲೆ ತೋರಿಸಿ ಅಂದರು. ತೋರಿಸಿದೆ. ನೋಟುಬುಕ್ಕು ತೋರಿಸಿ ಅಂದರು. ಅದನ್ನೂ ತೋರಿಸಿದೆ. ಅಕ್ಷರ ಮುಗಿದು ಗೆರೆ ಸೊನ್ನೆ ಸುರುವಾಗುವ ಪುಟದಲ್ಲಿ ಅವರ ಬೆರಳು ಒಂದು ಕ್ಷಣ ನಿಂತಿತು. ನೋಟುಬುಕ್ಕು ಮುಚ್ಚಿ ವಾಪಸು ಕೊಟ್ಟರು.

ತೀರ್ಮಾನ ಬಂದದ್ದು ಮುಂಗಾರಿನ ಹೊತ್ತಿಗೆ. ಎರಡೂ ಘಟಕಗಳನ್ನು ಊರಿಂದ ತೆಗೆದು ಹಳ್ಳದ ಆಚೆಗೆ ಹಾಕಬೇಕು, ತಗಡಿನಿಂದ ಮುಚ್ಚಬೇಕು, ನೀರು ಚಿಮುಕಿಸಬೇಕು.

ಯಂತ್ರ ಇಳಿಸಿಕೊಂಡು ಬರಲು ಹೋದ ದಿನ ಕಾಕಿಗೆ ಆ ಕಾಗದ ಓದಿ ಹೇಳಿದೆ. ನೂಲು ಸುತ್ತುತ್ತಲೇ ಕೇಳಿದರು.

"ಹಳ್ಳದ ಆಚಿಗೂ ಊರ ಐತೆಲ್ಲ, ತಂಗಿ," ಅಂದರು.

ನಕಾಶೆಯಲ್ಲಿ ನಾನು ಆ ಊರನ್ನು ನೋಡಿದ್ದೆ. ಸಮಿತಿಯವರೂ ನೋಡಿದ್ದರು. ನಿಯಮದಲ್ಲಿ ಹೇಳಿದಷ್ಟು ದೂರ ಇದೆ ಎಂದು ಬರೆದಿದ್ದರು. ತಗಡು, ನೀರು ಇದ್ದರೆ ಧೂಳು ಅಷ್ಟು ದೂರ ಹೋಗಲಿಕ್ಕಿಲ್ಲ ಅಂದೆ.

"ಹೋಗಲಿಕ್ಕಿಲ್ಲ ಅಂತ ತೂಗೀರೇನು?"

"ಇಲ್ರಿ."

ಅವರು ರಾಟೆ ನಿಲ್ಲಿಸಿ ಎದ್ದರು. ಒಳಗೆ ಹೋಗಿ ಕಾಲಿಗೆ ಚಪ್ಪಲಿ ಮೆಟ್ಟಿ, ಬಾಗಿಲಿಗೆ ಕೀಲಿ ಹಾಕಿದರು.

"ಅದು ನನ್ನ ತವರಮನಿ ಊರು. ಅಣ್ಣನ ಮನಿ ಮಾಳಗಿ ಗಟ್ಟಿ ಐತಿ, ಕರೆಂಟೂ ಐತಿ. ಈ ಸಲ ಇದು ಯಾತಕ್ಕಂತ ನಾ ಹೇಳತೇನಿ ಅವರಿಗೆ. ಗಾಡಿ ತಿರುಗಸ್ರಿ."

ಯಂತ್ರವನ್ನು ಹಗ್ಗ ಕಟ್ಟಿ ಮಾಳಿಗೆಯಿಂದ ಇಳಿಸಿ ಗಾಡಿಯ ಹಿಂದೆ ಮಲಗಿಸಿದೆವು. ಕಾಕಿ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು, ಹಳ್ಳ ದಾಟಿದ ಮೇಲೆ ಎಡಕ್ಕೆ ಹೊರಳಿಸಲು ಹೇಳಿದರು.